ಜ್ಯೇಷ್ಠತಾ ಪಟ್ಟಿ

ಒಂದೇ ದಿನ ಸೇರಿದೆವು, ಹದಿನಾಲ್ಕು ಜನ.
ಒಂದೇ ದಿನ ಸೇರಿದವರಲ್ಲಿ ಹಿರಿಯರು ಯಾರು?
ಹುಟ್ಟಿದ ತಾರೀಖು ನೋಡಿದರು.
ನಾನೂ ಬಿಪ್ಲಬ್ ಗೊಗೊಯಿಯೂ ಅದರಲ್ಲೂ ಸಮ:
ಅವನು ಜೋರ್ಹಾಟಿನಲ್ಲಿ, ನಾನು ಮೆಗ್ಗಾನ್ ಆಸ್ಪತ್ರೆಯಲ್ಲಿ,
ಅದೇ ಆಗಸ್ಟು, ಅದೇ ಮಂಗಳವಾರ.
ಆಮೇಲೆ ಹೆಸರಿನ ಅಕ್ಷರ ನೋಡಿದರು. ಇಂಗ್ಲಿಷಿನದು.
ಬಿ ಎರಡನೆಯದು, ಯು ಎಲ್ಲೋ ಬಾಲದ ಹತ್ತಿರ.
ನಮ್ಮ ವರ್ಣಮಾಲೆಯಾಗಿದ್ದರೆ
ಉದಯಿನಿ ಐದನೆಯ ಅಕ್ಷರಕ್ಕೇ ಎದ್ದು ನಿಲ್ಲುತ್ತಿದ್ದಳು,
ಅವನು ಕಕಾರದಿಂದ ನಡೆದು ಪ ಫ ದಾಟಿ ಬರಬೇಕಿತ್ತು.
ಹೀಗೆ ಅವನು ಸಾವಿರದ ನೂರಾ ಎಂಬತ್ತಾರು.
ನಾನು ಎಂಬತ್ತೇಳು.

ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
ಶಿವಮೊಗ್ಗ ಡಿಪೋದಲ್ಲಿ ಮೂವತ್ತೊಂದು ವರ್ಷ ಸ್ಟೇರಿಂಗು ಹಿಡಿದ ಗಾಮಪ್ಪ
‘ಹೊಸಬರಿಗೆ ನೈಟ್ ಹಾಲ್ಟು’ ಅಂದ, ಅಷ್ಟೆ.
ಅವನಿಗೆ ಸಿಕ್ಕಿದ್ದು ನಿಟ್ಟೂರಿನ ರೂಟು.
ಬಸ್ಸಿನ ಹಿಂದಿನ ಸೀಟಿನಲ್ಲೇ ನಿದ್ದೆ,
ಉಂಬಳ ಹತ್ತದ ಹಾಗೆ ಕಾಲ್ಬೆರಳ ಸಂದಿಗೆ ಹೊಗೆಸೊಪ್ಪು.
ಬೆಂಗಳೂರಿನ ರಾಜಹಂಸಕ್ಕೆ ಕಾದದ್ದು ಹದಿನೆಂಟು ವರ್ಷ.
ಅದು ಸಿಕ್ಕ ವಾರ, ಅವನ ಮೇಲಿನ ನಂಬರಿನ ಪುಟ್ಟಸ್ವಾಮಣ್ಣನಿಗೆ
ಕಣ್ಣಲ್ಲಿ ಪೊರೆ ಎಂದು ಬರೆದಿದ್ದರು ಡಾಕ್ಟರು.
‘ಖುಷಿ ಆಯ್ತಾ ಅಪ್ಪ?’
‘ಆಯ್ತು.’
ಸ್ವಲ್ಪ ಹೊತ್ತು ಬಿಟ್ಟು,
‘ಹಣ್ಣು ತಗೊಂಡು ಹೋಗಿ ನೋಡ್ಕೊಂಡು ಬಂದೆ.’

ತಿಂಗಳಿಗೊಮ್ಮೆ ಹೊಸ ಪಟ್ಟಿ ಬರುತ್ತದೆ.
ನಾನು ಏನೂ ಮಾಡದೆ ಏರುತ್ತೇನೆ.
ಯಾರೋ ಅರವತ್ತೈದು ಮುಟ್ಟಿ ಟೋಪಿ ಕಳಚಿಟ್ಟರು.
ಯಾರೋ ಗಲ್ಫಿಗೆ ಹಾರಿದರು, ಅಲ್ಲಿ ಮತ್ತೆ ಕೊನೆಯವರಾಗಲು.
ಯಾರದೋ ಎದೆಯ ಗೆರೆ
ಕಾಗದದ ಮೇಲೆ ಒಂದೇ ಒಂದು ಸಲ ತಡವರಿಸಿತು.
ಪಂಕ್ತಿಯಲ್ಲಿ ಒಬ್ಬರು ಎದ್ದು ಹೋದರೆ ಎಲೆಯಾದರೂ ಉಳಿಯುತ್ತದೆ.
ಇಲ್ಲಿ ಎಲೆಯೂ ಇಲ್ಲ,
ಪಟ್ಟಿ ತೆರೆಯುವಷ್ಟರಲ್ಲಿ ನಾವೆಲ್ಲ ಸರಿದು ಕೂತಾಗಿರುತ್ತದೆ.

ನನಗಿಂತ ಕೆಳಗಿನ ನಂಬರಿನವರೊಬ್ಬರಿದ್ದಾರೆ, ಐವತ್ತೆರಡು ವರ್ಷ,
ಮುಚ್ಚಿಹೋದ ಕಂಪನಿಯ ಕ್ಯಾಪ್ಟನ್.
ಹೆಗಲಿನ ನಾಲ್ಕು ಪಟ್ಟಿಯಲ್ಲಿ ಎರಡನ್ನು ಬಿಚ್ಚಿ ಬಂದವರು.
ಕಾಫಿ ಮೆಶೀನಿನ ಮುಂದೆ ‘ನೀವು ಮೊದಲು’ ಎಂದರು,
ತಮಾಷೆಗಲ್ಲ.
ಆ ಕಾಫಿ ನನ್ನ ಗಂಟಲಲ್ಲಿ ಎಲ್ಲಿ ಇಳಿಯಬೇಕೆಂದು ಗೊತ್ತಾಗದೆ ನಿಂತಿತು.

ಶಿವಮೊಗ್ಗದ ಫ್ಲೈಟು ಕೇಳುತ್ತಲೇ ಇದ್ದೆ, ಏಳು ತಿಂಗಳು.
ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಫ್ಲೈಟು ಅದು,
ಮೇಲಿನವರಿಗೇ ಸಾಲುವುದಿಲ್ಲ.
ನನ್ನ ಪಾಲಿಗೆ ದೀಪಾವಳಿಯ ಸ್ಟ್ಯಾಂಡ್‌ಬೈ, ಆಷಾಢದ ರಜೆ.
ಮೊನ್ನೆ ನಸುಕಿನಲ್ಲಿ ಫೋನು ಬಂತು. ಬಿಪ್ಲಬನಿಗೆ ನೆಗಡಿ, ಕಿವಿ ಕಟ್ಟಿದೆ,
ನೀನು ಹೋಗುತ್ತೀಯಾ?
ಸಮವಸ್ತ್ರ ಇಸ್ತ್ರಿ ಮಾಡುತ್ತಲೇ ಅಪ್ಪನಿಗೆ ತಿಳಿಸಿದೆ.

ಕೂಡ್ಲಿಯ ಮೇಲೆ ತಿರುಗಿ ನೇರವಾದೆವು.
ಬಲಗಡೆ, ನನ್ನ ಕಿಟಕಿಗೆ, ತುಂಗೆ.
ಕ್ಯಾಪ್ಟನ್ನರ ಕಿಟಕಿಗೆ ಭದ್ರೆ.
ಒಂದೇ ಬೆಟ್ಟದಲ್ಲಿ ಒಂದೇ ಗಳಿಗೆಗೆ ಹುಟ್ಟಿದವರಂತೆ.
ಹೆಸರು ಕೂಡಿಸುವಾಗ ಯಾರು ಕೂತು ಬರೆದರೋ,
ತುಂಗೆ ಮೊದಲು.
ಹೆಚ್ಚು ದೂರ ನಡೆದವಳು ಭದ್ರೆ, ಗೊಣಗಿದ್ದನ್ನು ಯಾರೂ ಕೇಳಿಲ್ಲ.
ಮೇಲಿನಿಂದ ನೋಡಿದರೆ ಸೇರಿದ ಮೇಲೂ ಒಂದಷ್ಟು ದೂರ
ಎರಡು ಬಣ್ಣ.
ಆಮೇಲೆ ನೀರು.

ಐನೂರು ಎಂದಿತು ಯಂತ್ರ.
ನೂರು. ಐವತ್ತು. ಇಪ್ಪತ್ತು.
ಸೋಗಾನೆಯ ನೆಲ ಚಕ್ರಕ್ಕೆ ತಾಗಿತು.

ಬೇಲಿಯಾಚೆ ಸ್ಕೂಟರಿಗೆ ಒರಗಿ
ಅಪ್ಪ ವಾಚು ನೋಡುತ್ತಿದ್ದನಂತೆ.
ಇಂಜಿನ್ ಆರಿಸಿ ಫೋನು ತೆರೆದರೆ ಎರಡು ಮೆಸೇಜು.
‘ನಾಲ್ಕು ನಿಮಿಷ ಲೇಟು.’
‘ಆ ಹುಡುಗನ ಕಿವಿ ಹೇಗಿದೆ?’